ಕಂಪ್ಯೂಟರಿನ ಊರಿನಲ್ಲಿ ನೀಲವ್ವ ಸತ್ತ ದಿನ

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಚಹಾ ಮುಗಿಯುವಷ್ಟರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮಕ್ಕಳ ಕೈಗೆ ಕಂಪ್ಯೂಟರ್ ಆಟ ಕೊಟ್ಟರೆ ಪಾಠ ಕೆಡುವುದಿಲ್ಲವೇ? ಕೆಡುವುದಿಲ್ಲ, ಪಾಠ ಚೆನ್ನಾಗಿಯೇ ಆಗುತ್ತದೆ. ಆದರೆ ಪಾಠದ ಜೊತೆಗೆ ಇನ್ನೂ ಏನೇನೋ ಆಗುತ್ತದೆ, ಅದನ್ನು ನಿಮ್ಮ ತರಬೇತಿಯಲ್ಲಿ ಯಾರೂ ಹೇಳಿರುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಗಣಿತ ಮತ್ತು ವಿಜ್ಞಾನ ಕಲಿಸಿದವಳು. ರಾಮದುರ್ಗ ತಾಲೂಕಿನಲ್ಲಿ ಆರಂಭಿಸಿ ಬೈಲಹೊಂಗಲ ತಾಲೂಕಿನಲ್ಲಿ ಮುಗಿಸಿದೆ. ಬಡ್ತಿ ಯಾವಾಗ ಬಂತು, ಸನ್ಮಾನದಲ್ಲಿ ಯಾರು ಶಾಲು ಹೊದಿಸಿದರು ಎಂಬ ಪುರಾಣ ಇಲ್ಲಿ ಬೇಡ. ಆ ಶಾಲುಗಳನ್ನು ಚಳಿಗಾಲದಲ್ಲಿ ಹೊದ್ದರೆ ಮೈ ಕೆರೆಯುತ್ತದೆ ಎಂಬುದಷ್ಟೇ ಅವುಗಳ ಬಗ್ಗೆ ಹೇಳಬೇಕಾದ ಮಾತು. ನನಗೆ ಸಿಟ್ಟು ಬೇಗ ಬರುತ್ತದೆ, ದೆವ್ವಗಿವ್ವ ನಂಬುವವರನ್ನು ಕಂಡರೆ ಇನ್ನೂ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ಅನುಕೂಲ.

ತೊಂಬತ್ತರ ದಶಕದಲ್ಲಿ ನಾನು ಸುರೇಬಾನದಲ್ಲಿದ್ದೆ. ಟಿವಿಗೆ ವಾಯರು ಜೋಡಿಸಿ ಆಡುವ ವಿಡಿಯೋ ಗೇಮು ಆಗ ಹೊಸದು. ರಾಮದುರ್ಗದ ಒಬ್ಬ ಅಂಗಡಿಯವನು ಅದನ್ನಿಟ್ಟಿದ್ದ. ನಮ್ಮ ಎಂಟನೆಯ ತರಗತಿಯ ಕೆಲವರು ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗಿ ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದರು. ಕಿವಿ ಹಿಂಡಿ ಎಳೆದು ತರಬೇಕೆಂದು ಹೋದವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ. ಪರದೆಯ ಮೇಲಿನ ಚೆಂಡು ಗೋಡೆಗೆ ಬಡಿದು ತಿರುಗಿ ಯಾವ ಮೂಲೆಗೆ ಹೋಗುತ್ತದೆ ಎಂಬುದನ್ನು, ನನ್ನ ಪರೀಕ್ಷೆಯಲ್ಲಿ ಸೊನ್ನೆ ತೆಗೆದವರು ಚೆಂಡು ಗೋಡೆ ಮುಟ್ಟುವ ಮೊದಲೇ ಹೇಳುತ್ತಿದ್ದರು. ನಾನು ಹಲಗೆಯ ಮೇಲೆ ಕನ್ನಡಿ ಬರೆದು, ಕಿರಣ ಬರೆದು, ಗಂಟಲು ಹರಿದುಕೊಂಡದ್ದು ಇದಕ್ಕೇ ಅಲ್ಲವೇ ಅನ್ನಿಸಿತು. ಕಿವಿ ಹಿಂಡುವ ಕೆಲಸವನ್ನು ಮುಂದಕ್ಕೆ ಹಾಕಿ, ಆ ಪೆಟ್ಟಿಗೆಯನ್ನು ಕೆಲವು ದಿನಗಳ ಮಟ್ಟಿಗೆ ಕೇಳಿ ತಂದೆ.

ಶಾಲೆಯಲ್ಲಿ ಟಿವಿ ಇರಲಿಲ್ಲ. ಹೆಡ್ ಮಾಸ್ತರರು ತಮ್ಮ ಮನೆಯದನ್ನು ಕೊಟ್ಟರು. ಪಾಠವೇನೋ ಭರ್ಜರಿಯಾಯಿತು. ಆದರೆ ಮಕ್ಕಳು ಕೋನ ಅಳೆಯಲೆಂದು ಗೋಡೆಗಳ ಚಕ್ರವ್ಯೂಹವೊಂದನ್ನು ನಾನು ಪರದೆಯ ಮೇಲೆ ಅಲ್ಲಾಡದಂತೆ ನಿಲ್ಲಿಸಿಟ್ಟಿದ್ದೆ. ದಿನಗಟ್ಟಲೆ ನಿಂತ ಅದು ಗಾಜಿಗೇ ಅಂಟಿಕೊಂಡಿತು. ಟಿವಿ ಮನೆಗೆ ಮರಳಿದ ಮೇಲೆ ವಾರ್ತೆ ಓದುವವಳು ಜಾಲರಿಯ ಹಿಂದೆ ಕೂತಂತೆ ಕಾಣಿಸತೊಡಗಿದಳು. ಬಂದ್ ಮಾಡಿದರೂ ಕರಿ ಗಾಜಿನ ಮೇಲೆ ಆ ದಾರಿಗಳು ಬೂದುಬಣ್ಣದಲ್ಲಿ ಉಳಿಯುತ್ತಿದ್ದವು. ಹೆಡ್ ಮಾಸ್ತರರ ತಾಯಿ ದಿನಾ ಸಂಜೆ ಅದರ ಮೇಲೆ ಒಂದು ಹಳೆಯ ಸೀರೆ ಹೊದಿಸುತ್ತಿದ್ದರು. ಯಾಕೆಂದು ಕೇಳಿದರೆ, ಟಿವಿ ಬಂದ್ ಆದ ಮೇಲೆ ಒಳಗೆ ಯಾರೋ ಹೊರಬರುವ ದಾರಿ ಹುಡುಕುತ್ತ ತಿರುಗುತ್ತಾರೆ, ಅವರನ್ನು ನೋಡುತ್ತ ಕೂಡ್ರುವುದು ತನ್ನಿಂದಾಗದು ಅಂದರು. ಹೆಡ್ ಮಾಸ್ತರರು ನಕ್ಕರು. ಆಮೇಲೆ ತಾಯಿ ಊರಿಗೆ ಹೋದಾಗ ಅವರೇ ಸೀರೆ ಹೊದಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ನಾನೂ ಅವರ ಮನೆಗೆ ಹೋದರೆ ಟಿವಿಗೆ ಬೆನ್ನು ಮಾಡಿಯೇ ಕೂಡುತ್ತಿದ್ದೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಂಡು.

ಎರಡು ಸಾವಿರದ ಈಚೆಗೆ ನನಗೆ ನೇಸರಗಿ ಕಡೆಯ ಒಂದು ಹೈಸ್ಕೂಲಿಗೆ ವರ್ಗವಾಯಿತು. ಅಲ್ಲಿಗೆ ಕಂಪ್ಯೂಟರುಗಳು ಬಂದವು. ಬಂದ ದಿನವೇ ಅವುಗಳಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದರು. ಕಾಯಿನೀರು ಕೀಬೋರ್ಡಿನ ಮೇಲೆ ಚೆಲ್ಲಿ ಒಂದು ಯಂತ್ರ ಉದ್ಘಾಟನೆಗೆ ಮೊದಲೇ ಮೌನವಾಯಿತು. ಧೂಳು ಬರಬಾರದೆಂದು ಕಿಟಕಿಗಳಿಗೆ ದಪ್ಪ ಪರದೆ ಹಾಕಿದ್ದರಿಂದ ಆ ಕೋಣೆಯಲ್ಲಿ ಹಗಲು ಮೂಡುತ್ತಲೇ ಇರಲಿಲ್ಲ. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ, ಗುಡಿಯೊಳಗೆ ಬಂದಂತೆ ದನಿ ತಗ್ಗಿಸಿ ಬರುತ್ತಿದ್ದರು. ಕರೆಂಟು ಹೋದರೆ ಯುಪಿಎಸ್ಸು ಸಣ್ಣಗೆ ಕೂಗತೊಡಗುತ್ತಿತ್ತು.

ಅಲ್ಲಿ ನಾನು ತೋರಿಸಿದ ಮೊದಲ ಆಟದಲ್ಲಿ ಒಂದು ಹಾಳು ಅರಮನೆಯಿತ್ತು. ಬಾಣದ ಕೀಲಿ ಒತ್ತುತ್ತ ಒಳಗೆ ನಡೆದಾಡಬಹುದು. ಗೋಡೆಯ ಮುಂದೆ ತಾಳ್ಮೆಯಿಂದ ನಿಂತರೆ ಕೆಲವು ಗೋಡೆ ತೆರೆದುಕೊಳ್ಳುತ್ತಿದ್ದವು. ಮುಂದೆ ಕೆಲವೇ ದಿನಗಳಲ್ಲಿ ಕಿತ್ತೂರಿಗೆ ಪ್ರವಾಸ ಹೋದೆವು. ಕೋಟೆ ನೋಡಿ ಬಸ್ಸು ಹತ್ತಿಸುವಾಗ ಒಬ್ಬ ಹುಡುಗಿ ಕಡಿಮೆ ಬಿದ್ದಳು. ಹುಡುಕುತ್ತ ಹೋದರೆ, ಅರಮನೆಯ ಒಂದು ಮೋಟುಗೋಡೆಯ ಮುಂದೆ ಕೈಕಟ್ಟಿ ನಿಂತಿದ್ದಾಳೆ. ಇಲ್ಲೇನು ಮಾಡುತ್ತಿದ್ದೀ ಎಂದರೆ, ಸ್ವಲ್ಪ ತಡೆಯಿರಿ ಅಕ್ಕೋರ, ಈಗ ತೆರೆಯುತ್ತದೆ ಅಂದಳು. ಕೈ ಹಿಡಿದು ಎಳೆದುಕೊಂಡು ಬಂದೆ. ಬಸ್ಸಿನವರೆಗೂ ಆಕೆ ಹಿಂದಿರುಗಿ ನೋಡುತ್ತಲೇ ಇದ್ದಳು, ಒಂದೆರಡು ಸಲ ನಾನೂ ನೋಡಿದೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ.

ಯಂತ್ರಗಳ ಜೊತೆ ಬಂದ ಸಿಡಿಗಳಲ್ಲಿ ಊರು ಕಟ್ಟುವ ಆಟವೊಂದಿತ್ತು. ಪರದೆಯ ಮೇಲೆ ಒಂದು ಪುಟ್ಟ ಹಳ್ಳಿ: ಬಾವಿ, ಹೊಲ, ದವಾಖಾನೆ, ಒಂದಿಷ್ಟು ಮನೆ. ಹೆಬ್ಬೆರಳಿನುಗುರಿನಷ್ಟು ಜನ. ಅವರು ಬೆಳಗಾದರೆ ಎದ್ದು ಬಾವಿಗೆ ಹೋಗುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಕತ್ತಲಾದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಯಾರಿಗೆಷ್ಟು ಕಾಳು, ಬಾವಿಯಿಂದ ಎಷ್ಟು ದೂರ ಪಾಯಖಾನೆ, ಯಾರಿಗೆ ಔಷಧ ಎಂಬುದನ್ನೆಲ್ಲ ಆಡುವವರು ಲೆಕ್ಕ ಹಾಕಿ ನಿರ್ಧರಿಸಬೇಕು. ತಪ್ಪಿದರೆ ಜನ ಬೇನೆ ಬೀಳುತ್ತಾರೆ, ಸಾಯುತ್ತಾರೆ. ಸತ್ತಲ್ಲಿ ಒಂದು ಸಣ್ಣ ಕಲ್ಲು ಏಳುತ್ತದೆ. ಅದರಲ್ಲಿ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ, ಸತ್ತವರು ಸತ್ತಂತೆಯೇ. ಯಂತ್ರ ಬಂದ್ ಇದ್ದಾಗ ಅಲ್ಲಿ ಕಾಲವೂ ನಿಂತಿರುತ್ತಿತ್ತು.

ಶೇಕಡಾವಾರು, ಸರಾಸರಿ, ಪ್ರಮಾಣ, ರೋಗ ಹರಡುವ ಬಗೆ, ಎಲ್ಲವನ್ನೂ ಅದರಲ್ಲೇ ಕಲಿಸಬಹುದೆಂದು ನನಗೆ ಹೊಳೆಯಿತು. ಮಕ್ಕಳಿಗೆ ಆ ಜನರ ಮೇಲೆ ಕಾಳಜಿ ಬರಲೆಂದು, ನಿಮ್ಮ ನಿಮ್ಮ ಮನೆಯವರ ಹೆಸರು ಇಡಿರಿ ಎಂದೆ. ಒಂಬತ್ತನೆಯ ತರಗತಿಯವರು ಇಂಗ್ಲಿಷ್ ಅಕ್ಷರದಲ್ಲಿ ಅವ್ವ, ಅಪ್ಪ, ಅಜ್ಜ, ತಮ್ಮಂದಿರನ್ನೆಲ್ಲ ಆ ಹಳ್ಳಿಯಲ್ಲಿ ನೆಲೆಗೊಳಿಸಿದರು, ತಾವೂ ನೆಲೆಗೊಂಡರು. ಇಂಥ ಆಟ ಕಲಿಸುವ ಎಳೆಯರಿಗೆ ನಾನು ಹೇಳುವ ಬುದ್ಧಿಮಾತು ಇದೊಂದೇ: ಹೆಸರು ಇಡಿಸಬೇಡಿ.

ಮೊದಲು ಸತ್ತವನು ಕಲ್ಲಪ್ಪಜ್ಜ. ಮಕ್ಕಳು ಪಾಯಖಾನೆಯನ್ನು ಬಾವಿಯ ಪಕ್ಕಕ್ಕೇ ತೋಡಿದ್ದರಿಂದ ವಾಂತಿಭೇದಿ ಹರಡಿ, ಆಟದ ಕಲ್ಲಪ್ಪಜ್ಜ ಕಲ್ಲಾದ. ಅವನ ಮೊಮ್ಮಗಳು ಗೊಳೋ ಎಂದು ಅಳುತ್ತ ಹೊಲಕ್ಕೆ ಓಡಿ, ಅಜ್ಜ ಸತ್ತ ಎಂದಳು. ಹೊಲದಲ್ಲಿದ್ದ ಮನೆಮಂದಿ ಆ ಮಾತು ಕೇಳಿ ಎದೆ ಬಡಿದುಕೊಂಡು ಅತ್ತು, ಓಡಿಬಂದು ನೋಡಿದರೆ ನಿಜವಾದ ಕಲ್ಲಪ್ಪಜ್ಜ ಹಾಸಿಗೆಯಲ್ಲಿ ಕಣ್ಣು ಪಿಳಿಪಿಳಿ ಮಾಡುತ್ತಿದ್ದ. ಆತ ತಿಂಗಳುಗಟ್ಟಲೆ ಹಾಸಿಗೆ ಹಿಡಿದವನು. ಮರುದಿನ ಕೋಲೂರಿಕೊಂಡು ಶಾಲೆಗೇ ಬಂದ.

“ನಾ ಎಲ್ಲಿ ಸತ್ತೇನಿ ತೋರಸ್ರಿ ಅಕ್ಕೋರ” ಎಂದ.

ಕಲ್ಲು ತೋರಿಸಿದೆ. ಬಹಳ ಹೊತ್ತು ನೋಡಿ, “ಜಾಗಾ ಚಲೋ ಐತಿ” ಎಂದು ಎದ್ದು ಹೋದ. ಅಂದಿನಿಂದ ಅಜ್ಜ ದಿನಾ ಊರ ಕಟ್ಟೆಯವರೆಗೆ ಓಡಾಡತೊಡಗಿದ.

ಇದಕ್ಕೆ ಊರಿನವರಿಗೆ ಆಶ್ಚರ್ಯವಾಗಲಿಲ್ಲ. ಕಾಗೆ ತಲೆಗೆ ಬಡಿದರೆ ನಮ್ಮ ಕಡೆ ಒಂದು ಪದ್ಧತಿಯಿದೆ. ಹಾಗೆ ಬಡಿತ ತಿಂದವರು ಸತ್ತರೆಂದು ದೂರದ ತವರಿಗೋ ಬೀಗರಿಗೋ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತಾದ ಮೇಲೆ, ಇಲ್ಲ, ಬದುಕಿದ್ದಾರೆ ಎಂದು ಹೇಳಿ ಬಾಯಿಗೆ ಸಕ್ಕರೆ ಹಾಕುತ್ತಾರೆ. ಬರಬೇಕಾದ ಸಾವು ಆ ಕಣ್ಣೀರಿನಲ್ಲಿ ಹರಿದುಹೋಯಿತೆಂದು ಲೆಕ್ಕ. ಕಲ್ಲಪ್ಪಜ್ಜನಿಗೆ ಆದದ್ದೂ ಅದೇ ಎಂದರು. ಅಲ್ಲಿಂದ ಶುರುವಾಯಿತು ನನ್ನ ಪೀಡೆ. ಹೆಂಗಸರು ಶಾಲೆಯ ಬಾಗಿಲಿಗೆ ಬಂದು, ನಮ್ಮತ್ತೆಗೆ ಉಬ್ಬಸ ಇದೆ, ನಮ್ಮ ಮಾವನಿಗೆ ಕಾಲು ಬಿದ್ದಿದೆ, ಕಂಪ್ಯೂಟರಿನಲ್ಲಿ ಒಂದಿಷ್ಟು ಮುಗಿಸಿಬಿಡಿ ಎಂದು ಕೈಮುಗಿಯತೊಡಗಿದರು. ಬೈದು ಕಳಿಸಿದೆ. ಅತ್ತೆಯ ಮೇಲಿನ ಪ್ರೀತಿಗೋ ಸಿಟ್ಟಿಗೋ ಎಂದು ಕೆಣಕಿದರೆ ಕೆಲವರು ನಕ್ಕರು, ಕೆಲವರು ನಗಲಿಲ್ಲ.

ಆ ತರಗತಿಯಲ್ಲಿ ಶಿವಲೀಲಾ ಎಂಬ ಹುಡುಗಿಯಿದ್ದಳು. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು. ಅವಳ ತಾಯಿ ನೀಲವ್ವನಿಗೆ ಹೃದಯದ ಕವಾಟ ಕೆಟ್ಟಿತ್ತು. ಒಂದು ಕೊಡ ನೀರು ತಂದರೆ ಹೊಸ್ತಿಲ ಮೇಲೆ ಕೂತು ಉಸಿರು ಹುಡುಕಬೇಕಾಗುತ್ತಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಆಪರೇಶನ್ ಆಗಲೇಬೇಕು ಎಂದಿದ್ದರು. ಆದರೂ ಉಳಿಯುತ್ತಾಳೆಂದು ಮಾತು ಕೊಡಲಾರೆವು ಎಂದೂ ಅಂದಿದ್ದರು. ದಿನ ಗೊತ್ತಾಗುವುದನ್ನು ಕಾಯುತ್ತಿದ್ದಾಗಲೇ, ಅಂಗಳದಲ್ಲಿ ಜೋಳ ಹರವುತ್ತಿದ್ದ ನೀಲವ್ವನ ತಲೆಗೆ ಕಾಗೆ ಬಡಿಯಿತು.

ಆಟದ ಹಳ್ಳಿಯಲ್ಲಿ ನೀಲವ್ವನ ಮನೆ ಸೊರಗುತ್ತಿರುವುದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಉಳಿದವರ ಕಣಜ ತುಂಬಿದ್ದರೆ ಆ ಮನೆಗೆ ಕಾಳಿಲ್ಲ, ಔಷಧವಿಲ್ಲ. ಚಿತ್ರದ ನೀಲವ್ವ ಬೆನ್ನು ಬಾಗಿಸಿ, ಮೈ ಬೂದಿಯಾಗಿ, ಆದರೂ ಬೆಳಗಾದರೆ ಕೊಡ ಹೊತ್ತು ಬಾವಿಗೆ ಹೋಗುತ್ತಿದ್ದಳು. ಶಿವಲೀಲಾ ಕಣ್ಣೊರೆಸಿಕೊಳ್ಳುತ್ತ ಇನ್ನಷ್ಟು ಕಾಳು ತೆಗೆಯುತ್ತಿದ್ದಳು. ಹೆತ್ತ ತಾಯಿಯನ್ನು ಹೀಗೆ ಉಪವಾಸ ಕೆಡವುತ್ತೀಯಾ ಎಂದು ಕೇಳಿದೆ.

“ನಮ್ಮವ್ವಗ ಅಳಾವ್ರು ಯಾರೂ ಇಲ್ರಿ ಅಕ್ಕೋರ” ಎಂದಳು. “ಕಟಕೋಳದಾಗ ಆಯಿನೂ ಇಲ್ಲ, ಮಾಮಾನೂ ಇಲ್ಲ. ತವರಮನಿಗೆ ಕೀಲಿ ಹಾಕೇತಿ. ಸುದ್ದಿ ಹೇಳಾಕ ಯಾರ ಕಡೆ ಹೋಗೂದ್ರಿ? ಇಲ್ಲಿ ಸತ್ತರ ಇವರೆಲ್ಲಾ ಅಳತಾರ್ರಿ.”

ಸುತ್ತ ಕೂತ ಮಕ್ಕಳು ನನ್ನ ಮುಖ ನೋಡಲಿಲ್ಲ. ಅವರಿಗೆಲ್ಲ ಮೊದಲೇ ಗೊತ್ತಿತ್ತು. ನನಗೆ ಬಂದ ಸಿಟ್ಟಿಗೆ ಆ ಕೋಣೆ ಸಾಲಲಿಲ್ಲ. ವಿಜ್ಞಾನ ಕಲಿಸುವವಳ ತರಗತಿಯಲ್ಲಿ ಇದೆಂಥ ಮಾಟ ಎಂದು ಕೂಗಾಡಿ ಆಟ ನಿಲ್ಲಿಸಿದೆ. ಆದರೆ ಸಿಟ್ಟಿನ ಕೆಳಗೆ ಇನ್ನೊಂದಿತ್ತು, ಅದನ್ನೂ ಹೇಳುತ್ತೇನೆ. ಆ ಲೆಕ್ಕದಲ್ಲಿ ಅಷ್ಟು ಕಡಿಮೆ ಕಾಳಿಗೆ ಯಾರೂ ಅಷ್ಟು ದಿನ ಬದುಕಬಾರದು. ಕೈಯಲ್ಲೇ ಲೆಕ್ಕ ಮಾಡಿ ನೋಡಿದೆ, ಮತ್ತೆ ಮಾಡಿದೆ. ಆಕೆ ಎಂದೋ ಕಲ್ಲಾಗಬೇಕಿತ್ತು. ಯಾಕೆ ಆಗಲಿಲ್ಲವೋ ನನಗೆ ಇಂದಿಗೂ ತಿಳಿದಿಲ್ಲ.

ಶಿವಲೀಲಾ ಮರುದಿನದಿಂದ ಶಾಲೆಗೆ ಬರಲಿಲ್ಲ. ಊಟ ಬಿಟ್ಟಿದ್ದಾಳೆಂದು ತಿಳಿಯಿತು. ಕೊನೆಗೆ ಅವಳ ತಂದೆ ಈರಪ್ಪ ಬಂದ. ಆತ ಮೆತ್ತನೆಯ ಮನುಷ್ಯ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತಿರುವುತ್ತ ನಿಂತ.

“ಆಕಿ ಕೈಯಾಗ ಏನರ ಒಂದ ಕೆಲಸಾ ಇರ್ಲಿರಿ ಅಕ್ಕೋರ. ಇಲ್ಲಂದ್ರ ಹುಡುಗಿ ಹುಚ್ಚ ಆಗತೈತಿ.”

ಈ ಮಾತಿಗೆ ನಾನು ಸೋತೆ. ಆಪರೇಶನ್ ಆಗುವ ದಿನ ಒಂದು ಪಿರಿಯಡ್ ಆಟ ಹಾಕುತ್ತೇನೆ, ಆದರೆ ಮೊದಲು ಆ ಮನೆಗೆ ಕಾಳು, ಔಷಧ ಮರಳಿ ಕೊಡಬೇಕು ಎಂದು ಹೇಳಿ ಕಳಿಸಿದೆ. ಹೊಟ್ಟೆ ತುಂಬಿದವಳು ಸಾಯುವುದಿಲ್ಲ, ಹುಡುಗಿಗೆ ತಾಯಿ ಚೇತರಿಸಿಕೊಂಡದ್ದು ಕಂಡರೆ ಅಷ್ಟೇ ಧೈರ್ಯ ಬರುತ್ತದೆ ಎಂಬುದು ನನ್ನ ಉಪಾಯ.

ಆ ದಿನ ಬಂತು. ಹಿಂದಿನ ದಿನವೇ ಮೌಲಾಸಾಬನ ಟೆಂಪೋದಲ್ಲಿ ಈರಪ್ಪ ಹೆಂಡತಿಯನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದ. ಶಿವಲೀಲಾಳನ್ನು ಈರಪ್ಪನ ತಮ್ಮನ ಹೆಂಡತಿಯಾದ ಚಿಗವ್ವನ ಹತ್ತಿರ ಬಿಟ್ಟಿದ್ದರು. ಕೋಣೆಯಲ್ಲಿ ಎಲ್ಲರೂ ಒಂದೇ ಯಂತ್ರದ ಸುತ್ತ ಕೂತರು. ಹುಡುಗಿ ನಾನು ಹೇಳಿದಂತೆ ಕಾಳು ಕೊಟ್ಟಳು, ಔಷಧ ಕೊಟ್ಟಳು. ಚಿತ್ರದ ನೀಲವ್ವನ ಬೂದುಬಣ್ಣ ಹೋಗಿ ಸೀರೆ ಹಸಿರಾಯಿತು. ನನ್ನ ಉಪಾಯ ಫಲಿಸಿತೆಂದು ಮನಸ್ಸು ಹಗುರಾಯಿತು. ಬೆಳಗಾಯಿತು, ನೀಲವ್ವ ಬಾಗಿಲು ತೆರೆದು, ಕೊಡ ಹೊತ್ತು, ಬಾವಿಗೆ ಬಂದಳು. ಬಾವಿಯ ಗಡಗಡಿ ಕಿರ್ರೆಂದ ಸದ್ದು ಸ್ಪೀಕರಿನಲ್ಲಿ ಕೇಳಿತು. ಕೊಡವನ್ನು ಕಟ್ಟೆಯ ಮೇಲಿಟ್ಟಳು. ಹಾಗೇ ಪಕ್ಕದಲ್ಲಿ ಕೂತಳು, ದಣಿದವರು ಕೂಡುವಂತೆ. ಮತ್ತೆ ಏಳಲಿಲ್ಲ. ನೋಡನೋಡುತ್ತಿದ್ದಂತೆ ಅಲ್ಲೊಂದು ಕಲ್ಲು ಎದ್ದಿತು.

ಮಕ್ಕಳು ಅಳಬೇಕೆಂದು ಮಾತಾಡಿಕೊಂಡು ಬಂದಿದ್ದರು. ಮೊದಲು ಒಬ್ಬ ಅಳುವ ನಟನೆ ಮಾಡಲು ಹೋಗಿ ನಕ್ಕ. ಆದರೆ ಆ ಮನೆಯ ಬಾಗಿಲು ಮತ್ತೆ ತೆರೆಯಿತು. ಅದರೊಳಗಿಂದ ಶಿವಲೀಲಾ ಎಂಬ ಹೆಸರಿನ ಪುಟ್ಟ ಹುಡುಗಿ ಹೊರಬಂದು ಬಾವಿಯ ಕಡೆ ಮುಖ ಮಾಡಿ ನಿಂತಳು. ಆಗ ನಕ್ಕವನೇ ಮೊದಲು ಅತ್ತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ದೊಡ್ಡ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವಂತೆ, ಹಡೆದವ್ವ ಹೋದೆಯಾ, ಹಚ್ಚಿದ ದೀಪ ಬಿಟ್ಟು ಹೋದೆಯಾ ಎಂದು ದನಿ ತೆಗೆದಳು. ಕತ್ತಲೆ ಕೋಣೆಯಲ್ಲಿ ಮೂವತ್ತು-ನಲವತ್ತು ಮಕ್ಕಳು ಒಟ್ಟಿಗೆ ಅತ್ತ ಆ ಸದ್ದನ್ನು ನಾನು ಮರೆಯಲಾರೆ. ನಾನೂ ಅತ್ತೆ. ಅಳದೆ ಇದ್ದವಳು ಶಿವಲೀಲಾ ಒಬ್ಬಳೇ.

ಬಾಗಿಲಲ್ಲಿ ತಾಲೂಕಿನ ಶಿಕ್ಷಣ ಇಲಾಖೆಯ ಸಾಹೇಬರು ನಿಂತಿದ್ದರು. ಕಂಪ್ಯೂಟರ್ ಪಾಠ ನೋಡಲು ಹೇಳದೆ ಕೇಳದೆ ಬಂದವರು. ಪಕ್ಕದ ಹುಡುಗನನ್ನು ಏನಾಯಿತೆಂದು ಕೇಳಿದರು. ಅವನು ಬಿಕ್ಕುತ್ತ, “ಶಿವಲೀಲಾನ ಅವ್ವ ಸತ್ತಾಳ್ರಿ” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಿದ್ದರು. ತಾಯಿಯನ್ನು ಕಳೆದುಕೊಂಡು ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು. ಸಾಹೇಬರೇ, ಹಾಗಲ್ಲ ಎಂದು ನಾನು ಹೇಳಹೋದರೆ, ತಾಯಿ ವಿಷಯದಲ್ಲಿ ಹಾಗಲ್ಲ ಹೀಗಲ್ಲ ಇರುವುದಿಲ್ಲ ಅಕ್ಕೋರ ಎಂದು ನನ್ನನ್ನೇ ಗದರಿ ಹೊರನಡೆದರು.

ಅಲ್ಲಿಂದ ಜೀಪು ಹೊರಟಿತು. ಮನೆಯವರಿಗೆ ಸಮಾಧಾನ ಹೇಳಲು ಸೀದಾ ಶಿವಲೀಲಾಳ ಓಣಿಗೆ ಹೋದರು. ಆಪರೇಶನ್ನಿಗೆ ಹೋದವಳ ಸುದ್ದಿಯನ್ನು ಸರಕಾರಿ ಜೀಪಿನಲ್ಲಿ ಬಂದವರು ಅಳುತ್ತ ಹೇಳಿದರೆ ಯಾರು ನಂಬುವುದಿಲ್ಲ? ನಾನು ಹಿಂದೆ ಓಡಿ ಓಣಿ ಸೇರುವಷ್ಟರಲ್ಲಿ ಚಿಗವ್ವ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು, ಮನೆಮನೆಯಲ್ಲೂ ಒಲೆ ಆರಿತ್ತು, ಜೀಪು ನೇಸರಗಿಗೆ ಹೋಗಿಯಾಗಿತ್ತು. ಅಲ್ಲಿ ಸಂತೆಯ ದಿನ. ಸಾಹೇಬರು ಚಹಾದಂಗಡಿಯಲ್ಲಿ ನಿಂತು, ಎಂಥ ಎಳೆಯ ಹುಡುಗಿಯನ್ನು ಬಿಟ್ಟು ಹೋದಳು ನೋಡಿ ಎಂದು ಗುರುತಿಲ್ಲದವರಿಗೂ ಹೇಳಿದರಂತೆ. ಸಂತೆಗೆ ಬಂದ ಹೆಂಗಸರು ಚೀಲ ಕೆಳಗಿಟ್ಟು ಅತ್ತರಂತೆ. ಒಂದು ಸುಳ್ಳನ್ನು ಅಷ್ಟು ನಿಷ್ಠೆಯಿಂದ ಹಂಚಿದವರನ್ನು ನಾನು ಮತ್ತೆ ಕಂಡಿಲ್ಲ.

ಓಣಿಯಲ್ಲಿ ನಿಂತು ಇದು ಆಟ, ಆಟ ಎಂದು ಬಡಕೊಂಡೆ. ಅತ್ತು ಸುಸ್ತಾದ ಮುದುಕಿಯೊಬ್ಬಳು ನನ್ನ ಕೈ ಹಿಡಿದು, ಇರಲಿ ಬಿಡ್ರಿ, ಅತ್ತಾಯ್ತಲ್ಲ, ಚಲೋ ಆತು ಅಂದಳು. ಅವರಿಗೆಲ್ಲ ಎದೆ ಹಗುರಾಗಿತ್ತು. ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಹುಬ್ಬಳ್ಳಿಯಿಂದ ಇನ್ನೂ ಫೋನ್ ಬಂದಿರಲಿಲ್ಲ. ಉಪವಾಸ ಕೆಡವಿದಾಗ ಸಾಯದವಳು ಉಣ್ಣಲು ಕೊಟ್ಟ ಮೇಲೆ ಸತ್ತದ್ದು ಯಾಕೆ? ಸಾಹೇಬರು ಹೇಳಿ ತಿರುಗುತ್ತಿರುವ ಸುದ್ದಿ ಅವರಿಗೂ ತಿಳಿಯದಂತೆ ನಿಜವೇ ಆಗಿದ್ದರೆ?

ಮಧ್ಯಾಹ್ನವಿಡೀ ಹೆಡ್ ಮಾಸ್ತರರ ಕೋಣೆಯಲ್ಲಿ ಫೋನಿನ ಮುಂದೆ ಕೂತೆ. ಶಿವಲೀಲಾ ನೆಲದ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು, ಎಷ್ಟೋ ದಿನಗಳ ಹಸಿವನ್ನು ಒಂದೇ ಸಲಕ್ಕೆ ತೀರಿಸುವವಳಂತೆ. ಒಮ್ಮೆಯೂ ಫೋನಿನ ಕಡೆ ನೋಡಲಿಲ್ಲ. ಆ ಎಳೆಯ ಮುಖದ ನೆಮ್ಮದಿ ನೋಡಲಾರದೆ ನಾನು ಕುರ್ಚಿಯನ್ನು ಫೋನಿನ ಕಡೆ ತಿರುಗಿಸಿಕೊಂಡೆ. ಹೊತ್ತು ಮುಳುಗುವಾಗ ಫೋನಿನ ಗಂಟೆ ಹೊಡೆಯಿತು. ಮೌಲಾಸಾಬನ ದನಿ.

“ಕಣ್ಣ ತಗದಾಳ್ರಿ ಅಕ್ಕೋರ. ನೀರ ಕೇಳ್ಯಾಳ್ರಿ.”

ನಾನು ಫೋನ್ ಕೆಳಗಿಟ್ಟು ಅತ್ತೆ. ಶಿವಲೀಲಾ ಎದ್ದು, ಲಂಗದ ಕಿಸೆಯಿಂದ ಕಾಗದದ ಪೊಟ್ಟಣ ಬಿಚ್ಚಿ, ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಮನೆಯಿಂದ ಬರುವಾಗಲೇ ತಂದಿದ್ದಳು.

ಸಾಹೇಬರು ವಾರದೊಳಗೆ ಮತ್ತೆ ಬಂದರು. ಬಂದ ಬಿರುಸಿಗೆ ಜೀಪಿನ ಬಾಗಿಲು ಹಾಕಲಿಲ್ಲ. ಇಡೀ ಸಂತೆಯಲ್ಲಿ ತಮ್ಮ ಮರ್ಯಾದೆ ಹೋಯಿತೆಂದು ಕೂಗಿದರು. ಕೂಗುವ ಹಕ್ಕು ಅವರಿಗಿತ್ತು. ಆ ಆಟವನ್ನು ಇನ್ನು ಯಾರೂ ತೆರೆಯಕೂಡದೆಂದು ಅಪ್ಪಣೆ ಮಾಡಿದರು. ಹೊರಡುವಾಗ ಹೆಡ್ ಮಾಸ್ತರರನ್ನು ಮುಂದೆ ಕಳಿಸಿ, ದನಿ ತಗ್ಗಿಸಿ, ತಮ್ಮ ಮಗಳಿಗೆ ಬಹಳ ದಿನದಿಂದ ಆರಾಮಿಲ್ಲ, ಒಂದು ಹೆಸರು ಸೇರಿಸಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ತಲೆ ತಗ್ಗಿಸಿ ಹೋದರು. ಆಮೇಲೆ ಅವರ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ಅಪ್ಪಣೆಯಂತೆ ಆ ಯಂತ್ರವನ್ನು ಬಂದ್ ಮಾಡಿಟ್ಟೆ. ಕೆಲವು ತಿಂಗಳು ಕಳೆದ ಮೇಲೆ ನೀಲವ್ವ ಮಗಳ ಕೈ ಹಿಡಿದು ಶಾಲೆಯ ಮೆಟ್ಟಿಲು ಹತ್ತಿ ಬಂದಳು. ಮೈ ತುಂಬಿತ್ತು, ಉಸಿರು ಸರಾಗವಾಗಿತ್ತು. ತಾನು ಸತ್ತ ಜಾಗ ನೋಡಬೇಕು ಅಂದಳು. ಕಲ್ಲಪ್ಪಜ್ಜನ ಹಾಗೆ ನೋಡಿ ನಕ್ಕು ಹೋಗುತ್ತಾಳೆಂದುಕೊಂಡು, ಅಪ್ಪಣೆಯನ್ನು ಪಕ್ಕಕ್ಕಿಟ್ಟು, ಆಟ ತೆರೆದೆ.

ಬಾವಿಕಟ್ಟೆಯ ಪಕ್ಕದ ಕಲ್ಲನ್ನು ಆಕೆ ಬೆರಳಿನಿಂದ ಮುಟ್ಟಿ ನೋಡಿದಳು. ಅಷ್ಟರಲ್ಲಿ ಆ ಹಳ್ಳಿಯಲ್ಲಿ ಬೆಳಗಾಯಿತು. ಬಾಗಿಲು ತೆರೆಯಿತು. ಪುಟ್ಟ ಹುಡುಗಿ ಕೊಡ ಹೊತ್ತು ಬಂದಳು, ಕಲ್ಲಿನ ಪಕ್ಕದಲ್ಲೇ ಹಾದು ನೀರು ಸೇದಿದಳು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕತ್ತಲಾಯಿತು. ಮತ್ತೆ ಬೆಳಗಾಯಿತು, ಮತ್ತೆ ಹುಡುಗಿ ಬಂದಳು. ಆಟದಲ್ಲಿ ಈರಪ್ಪನ ಹೆಸರಿಡುವುದನ್ನು ಶಿವಲೀಲಾ ಮರೆತಿದ್ದಳು. ಆ ಮನೆಯಲ್ಲಿ ಮತ್ತಾರೂ ಇರಲಿಲ್ಲ.

ನೀಲವ್ವನ ಮುಖದಲ್ಲಿ ನಗು ಇರಲಿಲ್ಲ. ಆ ಹುಡುಗಿ ಯಾರೆಂದು ಕೇಳಿದಳು. ಅದು ನಾನೇ ಅವ್ವಾ ಎಂದು ಶಿವಲೀಲಾ ನಕ್ಕಳು.

“ನಾ ಈ ಕಡೆ ಉಳದ್ನಿ” ಎಂದಳು ನೀಲವ್ವ. “ಆ ಕಡೆ ಇರಾಕಿಗೆ ಯಾರದಾರ?”

ಅದು ಬರೀ ಆಟ, ಅಲ್ಲಿ ಯಾರೂ ಇಲ್ಲ, ಯಂತ್ರ ಬಂದ್ ಮಾಡಿದರೆ ಊರೂ ಇಲ್ಲ ಎಂದು ನಾನು ವಿವರಿಸಿದೆ. ತರಗತಿಯಲ್ಲಿ ಹೇಳುವಂತೆ, ಬಿಡಿಸಿ ಬಿಡಿಸಿ ಹೇಳಿದೆ. ಆಕೆ ಕೇಳಿಸಿಕೊಂಡಳು.

“ಹಂಗಾರ ನಾ ಸತ್ತದ್ದೂ ಆಟ ಏನ್ರಿ ಅಕ್ಕೋರ? ಅದಕ್ಕ ಊರೆಲ್ಲಾ ಅತ್ತೈತಿ. ಅದರ ಮ್ಯಾಲ ನಾ ಇವತ್ತ ಉಸರಾಡಾಕ ಹತ್ತೇನಿ.”

ನನ್ನ ಹತ್ತಿರ ಉತ್ತರವಿತ್ತು. ಆಕೆ ಬದುಕಿದ್ದು ವೈದ್ಯರಿಂದ, ಹೊಸ ಕವಾಟದಿಂದ. ಆ ಉತ್ತರವನ್ನು ಆಕೆಯ ಕಣ್ಣು ನೋಡುತ್ತ ಹೇಳಲು ಆಗಲಿಲ್ಲ. ಆಕೆ ಪರದೆಯ ಹುಡುಗಿಯನ್ನೇ ನೋಡುತ್ತಿದ್ದಳು. ಆ ಹುಡುಗಿಯ ತಲೆ ಬಾಚುವವರು ಯಾರು ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಹೊರಗಿನಿಂದ ಹೊಸಬರನ್ನು ಕರೆದು ಯಾವುದಾದರೂ ಮನೆಗೆ ಸೇರಿಸಲು ಆಟದಲ್ಲಿ ಅವಕಾಶವಿದೆ ಎಂದು ಶಿವಲೀಲಾ ತಾಯಿಗೆ ಹೇಳಿದಳು. ಹೆಸರು ಮಾತ್ರ ಕೊಡಬೇಕು. ಹಾಗಾದರೆ ಯಾರನ್ನು ಕರೆಯೋಣ ಎಂದು ಮಗಳು ಕೇಳಿದಾಗ ನೀಲವ್ವ ನನ್ನ ಕಡೆ ತಿರುಗಿದಳು. ನನಗೆ ಮಕ್ಕಳಿಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು.

“ನಿಮ್ಮ ಹೆಸರ ಹಾಕ್ರಿ. ಬ್ಯಾರೆ ಯಾರ ಕೈಯಾಗೂ ನಾ ಆಕೀನ ಕೊಡೂದಿಲ್ಲ.”

ಕುರ್ಚಿ ಎಳೆದು ಕೂತೆ. ಕೀಲಿಗಳ ಮೇಲೆ ಬೆರಳಿಟ್ಟೆ. ಬೆರಳು ಏಳಲಿಲ್ಲ. ವರ್ಷಗಟ್ಟಲೆ ಊರಿಗೆಲ್ಲ ಬೈದು ಬುದ್ಧಿ ಹೇಳಿದವಳು, ಸಾಹೇಬರಿಗೆ ಬರುವುದಿಲ್ಲ ಎಂದು ಖಂಡಿತವಾಗಿ ಹೇಳಿದವಳು, ನನ್ನದೇ ಹೆಸರಿನ ನಾಲ್ಕಾರು ಅಕ್ಷರ ಒತ್ತಲು ಹೆದರಿದೆ. ಅಲ್ಲಿನ ನಾನು ಯಾವಾಗ ಬೇನೆ ಬೀಳುತ್ತೇನೋ, ಯಾವಾಗ ಬಾವಿಕಟ್ಟೆಯ ಮೇಲೆ ಕೂಡುತ್ತೇನೋ ಎಂಬ ಯೋಚನೆ ಬಂತು. ಪರದೆಯಲ್ಲಿ ಆ ಹುಡುಗಿ ಮತ್ತೆ ಬಾಗಿಲು ತೆರೆದು ಹೊರಬಂದಳು.

ಗಿರಿಜಾ ಎಂದು ಒತ್ತಿದೆ.

ಹಳ್ಳಿಯ ಅಂಚಿನಲ್ಲಿ, ದಾರಿ ಕೊನೆಯಾಗುವ ಕಡೆ, ಗಂಟು ಹೊತ್ತ ಒಬ್ಬ ಹೆಂಗಸು ಕಾಣಿಸಿಕೊಂಡಳು. ಹೊಲ ದಾಟಿ, ಬಾವಿ ದಾಟಿ ನಡೆದು ಬಂದಳು. ಹುಡುಗಿ ಕೊಡ ಕೆಳಗಿಟ್ಟು ನಿಂತಳು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ನೀಲವ್ವ ಎರಡೂ ಕೈ ಎತ್ತಿ ಮುಗಿದಳು, ಪರದೆಗೋ ನನಗೋ ತಿಳಿಯಲಿಲ್ಲ. ಇನ್ನು ಬಂದ್ ಮಾಡ್ರಿ ಅಂದಳು. ಬಂದ್ ಮಾಡಿದೆ. ನಿವೃತ್ತಿಯಾಗುವವರೆಗೂ ಅದನ್ನು ನಾನು ತೆರೆಯಲಿಲ್ಲ, ಬೇರೆಯವರಿಗೆ ತೆರೆಯಲು ಬಿಡಲೂ ಇಲ್ಲ.

ಈಗ ಆ ಶಾಲೆಗೆ ಹೊಸ ಯಂತ್ರಗಳು ಬಂದಿವೆಯಂತೆ. ಹಳೆಯವು ಏನಾದವೋ, ಯಾರ ಮನೆ ಸೇರಿದವೋ ಗೊತ್ತಿಲ್ಲ. ಅಲ್ಲಿಂದ ಎಳೆಯ ಶಿಕ್ಷಕರು ಬಂದಾಗಲೆಲ್ಲ ಕೇಳಬೇಕೆಂದು ಮಾತು ಬಾಯಿಯವರೆಗೆ ಬರುತ್ತದೆ. ಚಹಾ ಕೊಟ್ಟು ಕಳಿಸುತ್ತೇನೆ, ಕೇಳುವುದಿಲ್ಲ. ಅವರಲ್ಲಿ ಯಾರಾದರೂ ಆ ಊರನ್ನು ತೆರೆದು ನೋಡಿದ್ದರೆ, ಆ ಮನೆಯ ಹೆಂಗಸು ಇನ್ನೂ ಇದ್ದಾಳೋ ಇಲ್ಲವೋ ಹೇಳಿಬಿಡುತ್ತಾರೆ.